ನನ್ನ ಕಾರು ಎಷ್ಟು ಕೊಡುತ್ತೆ ಅಂದರೆ...

ಇಡೀ ದೇಶದಲ್ಲಿ ಅತಿ ಹೆಚ್ಚು ಮೈಲೇಜ್ ಕೊಡುವ ಗಾಡಿಗಳು ನಮ್ಮ ಅರಸೀಕೆರೆಯಲ್ಲಿವೆ. ತಮಾಷೆಯಲ್ಲ, ಲಿಖಿತ ದಾಖಲೆ ಇದೆ. ಹೋದ ಭಾನುವಾರ ಬೆಳಿಗ್ಗೆ ಆ ದಾಖಲೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಒಬ್ಬ ಹುಡುಗಿ ನಮ್ಮ ಮನೆಗೆ ಬಂದಿದ್ದಳು. ಮುಖ ನೋಡಿದರೆ ಅಳುವುದೊಂದೇ ಬಾಕಿ.

ಹೆಸರು ಸಹನಾ. ಇಲ್ಲಿನ ಕಾಲೇಜಿನಲ್ಲಿ ಡಿಗ್ರಿ ಓದುತ್ತಾಳೆ, ಜಾವಗಲ್ಲಿನಿಂದ ದಿನಾ ಬಸ್ಸಿನಲ್ಲಿ ಓಡಾಟ. ಹದಿನೈದು ದಿನದ ಹಿಂದೆ ಸಹಿ ಸಂಗ್ರಹ ಮಾಡುತ್ತಾ ಮನೆಗೆ ಬಂದಾಗಲೇ ನಾನು ಅವಳನ್ನು ಮೊದಲು ನೋಡಿದ್ದು. ಫಾರ್ಮಿನ ಮೊದಲ ಪ್ರಶ್ನೆ ಸರಳವಾಗಿತ್ತು. ಗಾಡಿ ತಯಾರಿಸುವ ಕಂಪನಿಗಳಿಗೆ ಸರ್ಕಾರ ಮೈಲೇಜ್ ನಿಯಮವನ್ನು ಇನ್ನೂ ಬಿಗಿ ಮಾಡಬೇಕೇ? ಗಾಡಿ ಕಡಿಮೆ ಎಣ್ಣೆ ಕುಡಿದರೆ ಕಡಿಮೆ ಹೊಗೆ ಬಿಡುತ್ತದೆ, ಅಷ್ಟೇ ತಾನೇ? ನಾನು ‘ಹೌದು’ ಅಂತ ಟಿಕ್ ಹಾಕಿದೆ. ಮೇಲೆ ಇನ್ನೊಮ್ಮೆ ತಿದ್ದಿ ದಪ್ಪ ಮಾಡಿದೆ. (ದೇಶಸೇವೆ ಮನೆ ಬಾಗಿಲಿಗೇ ಬಂದಾಗ ಯಾಕೆ ಬಿಡಬೇಕು?)

ಅದರ ಕೆಳಗೆ ಎರಡು ಖಾಲಿ ಜಾಗ. ಕಂಪನಿ ಹೇಳಿದ ಮೈಲೇಜ್ ಎಷ್ಟು? ನಿಮ್ಮ ಗಾಡಿ ನಿಜವಾಗಿ ಕೊಡುತ್ತಿರುವುದು ಎಷ್ಟು? ಮೊದಲನೆಯದರಲ್ಲಿ ಇಪ್ಪತ್ತು ಅಂತ ಬರೆದೆ. ಎರಡನೆಯದರಲ್ಲಿ ಇಪ್ಪತ್ತೆರಡು ಅಂತ ಗಟ್ಟಿಯಾಗಿ ಹೇಳಿಕೊಂಡೇ ಬರೆದೆ. ಪೆನ್ನು ಎಲ್ಲೂ ತಡವರಿಸಲಿಲ್ಲ. ಒಳಗಿನಿಂದ ನನ್ನ ಹೆಂಡತಿ ಒಂದು ಸಲ ಕೆಮ್ಮಿದಳು. ಅದು ಹೊಗೆಯ ಕೆಮ್ಮಲ್ಲ ಅಂತ ನನಗೆ ಗೊತ್ತಿತ್ತು.

ಈಗ ಅದೇ ಹುಡುಗಿ ಆ ಫಾರ್ಮುಗಳ ಕಟ್ಟನ್ನು ನನ್ನ ಟೀಪಾಯಿಯ ಮೇಲೆ ಇಟ್ಟಳು.

‘ಸರ್, ಅರಸೀಕೆರೆ ಬಸ್ ಸ್ಟ್ಯಾಂಡು, ಮಾರ್ಕೆಟ್ಟು, ಹಳೇಬೀಡು ದೇವಸ್ಥಾನದ ಪಾರ್ಕಿಂಗು, ಎಲ್ಲಾ ಕಡೆ ತಿರುಗಿದೀನಿ. ನಿಯಮ ಬಿಗಿ ಆಗ್ಬೇಕು ಅಂತ ಎಲ್ಲಾರೂ ಸೈನ್ ಹಾಕಿದಾರೆ. ಬೇಡ ಅಂದೋರು ಒಬ್ರೂ ಇಲ್ಲ. ಆದ್ರೆ ಕೆಳಗಡೆ ನೋಡಿ.’

ನೋಡಿದೆ. ಕಂಪನಿ ಹೇಳಿದ್ದು ಐವತ್ತೈದು, ಕೊಡುತ್ತಿರುವುದು ಅರವತ್ತು. ಕಂಪನಿ ಹೇಳಿದ್ದು ಹದಿನೆಂಟು, ಕೊಡುತ್ತಿರುವುದು ಹತ್ತೊಂಬತ್ತೂವರೆ. ಒಬ್ಬ ಮಹಾನುಭಾವನಂತೂ ಹದಿನಾರು ವರ್ಷದ ಬೈಕಿಗೆ ಎಂಬತ್ತು ಅಂತ ಬರೆದು, ಪಕ್ಕದಲ್ಲಿ ‘ಸಿಂಗಲ್ ಹ್ಯಾಂಡ್’ ಅಂತ ಸೇರಿಸಿದ್ದ.

‘ಇದನ್ನ ಸರ್ಕಾರಕ್ಕೆ ಕಳಿಸಿದ್ರೆ ಏನಂತಾರೆ ಸರ್? ನಿಮ್ ಗಾಡಿಗಳು ಕಂಪನಿ ಹೇಳಿದ್ದಕ್ಕಿಂತ ಚೆನ್ನಾಗೇ ಓಡ್ತಾವಲ್ಲ, ಇನ್ಯಾತಕ್ಕೆ ನಿಯಮ ಅನ್ನಲ್ವಾ? ನೀವು ಪೇಪರಲ್ಲಿ ಬರೀತೀರಲ್ಲ, ಏನ್ ಮಾಡ್ಬೇಕು ಅಂತ ಹೇಳಿ.’

ಎಲ್ಲರಿಗೂ ನಿಯಮ ಬೇಕು, ಆದರೆ ಯಾರಿಗೂ ತೊಂದರೆ ಇಲ್ಲ. ಇಂಥ ಬೇಡಿಕೆಯನ್ನು ಸರ್ಕಾರ ಯಾವ ಫೈಲಿಗೆ ಹಾಕುತ್ತದೆ?

ನಮ್ಮ ಸೀಮೆಯ ಪದ್ಧತಿ ನಿಮಗೆ ಗೊತ್ತೇ ಇದೆ. ಹೊಸ ಗಾಡಿ ಮನೆಗೆ ಬಂತು ಅಂದರೆ ಬಣ್ಣ ಕೇಳುವವರಿಲ್ಲ, ಬ್ರೇಕು ಕೇಳುವವರಿಲ್ಲ. ನಿಂಬೆಹಣ್ಣು ಚಕ್ರದ ಕೆಳಗೆ ಸಿಗುವ ಮುಂಚೆಯೇ ಪಕ್ಕದ ಮನೆಯವರು ಬಂದು ‘ಎಷ್ಟು ಕೊಡ್ತದೆ?’ ಅನ್ನುತ್ತಾರೆ. ಅದಕ್ಕೆ ನಿಜ ಹೇಳುವುದು ಅಂದರೆ ಮರ್ಯಾದೆ ಕಳೆದುಕೊಂಡಂತೆ. ಕಡಿಮೆ ಹೇಳಿದವನು ಒಂದೋ ಮೋಸ ಹೋಗಿದ್ದಾನೆ, ಇಲ್ಲ ಅವನಿಗೆ ಗಾಡಿ ಓಡಿಸಲು ಬರುವುದಿಲ್ಲ. ಆದ್ದರಿಂದ ಎಲ್ಲರೂ ಒಂದೆರಡು ಸೇರಿಸಿ ಹೇಳುತ್ತೇವೆ. ಸುಳ್ಳು ಅಂತ ಅನ್ನಿಸುವುದೂ ಇಲ್ಲ, ಮಕ್ಕಳ ಮಾರ್ಕ್ಸ್ ಹೇಳುವಾಗಲೂ ಹಾಗೇ ತಾನೇ? ಇದರಿಂದ ಯಾರಿಗೆ ಏನು ನಷ್ಟ ಅಂತ ನಾನೂ ಅಂದುಕೊಂಡಿದ್ದೆ.

‘ಅದಿರಲಿ, ನಿನಗೆ ಈ ಮೈಲೇಜ್ ಹುಚ್ಚು ಎಲ್ಲಿಂದ ಹತ್ತಿತಮ್ಮ?’ ಅಂದೆ.

‘ನಮ್ಮಪ್ಪನಿಂದ ಸರ್. ಲಗೇಜ್ ಗಾಡಿ ಇಟ್ಕೊಂಡೈತೆ. ಶಿವಣ್ಣ ಅಂತ.’

ಶಿವಣ್ಣ! ಜಾವಗಲ್ ಹತ್ತಿರ ನನಗಿರುವ ಚೂರು ತೋಟದ ತೆಂಗಿನಕಾಯಿಯನ್ನು ಅರಸೀಕೆರೆ ಮಂಡಿಗೆ ಸಾಗಿಸುವ ಶಿವಣ್ಣ. ಮಗಳು ಕಾಲೇಜಿಗೆ ಹೋಗುತ್ತಾಳೆ ಅಂತ ಹೇಳಿದ್ದ, ಆ ಮಗಳು ಇವಳು ಅಂತ ನನಗೆ ಹೊಳೆದಿರಲಿಲ್ಲ.

ಸಹನಾ ಹೇಳಿದ್ದು ಇಷ್ಟು. ಅಪ್ಪ ಹೊಸ ಗಾಡಿ ತಗೊಂಡ. ಶೋರೂಮಿನವರು ಲೀಟರಿಗೆ ಇಪ್ಪತ್ತೆರಡು ಅಂದಿದ್ದರು, ಅದು ಕೊಟ್ಟಿದ್ದು ಹದಿನಾರು. ಹೋಗಿ ಕೇಳಿದರೆ, ‘ಬೇರೆ ಯಾರೂ ಕಂಪ್ಲೇಂಟ್ ಮಾಡಿಲ್ಲ, ಎಲ್ಲಾರಿಗೂ ಕೊಡ್ತಾ ಐತೆ, ನಿಂದು ಡ್ರೈವಿಂಗ್ ಸರಿಯಿಲ್ಲ’ ಅಂದು ಕಳಿಸಿದರು. ಅಪ್ಪ ಮಂಡಿಯಲ್ಲಿ ಉಳಿದ ಡ್ರೈವರುಗಳನ್ನು ಕೇಳಿದ. ಎಲ್ಲರೂ ಇಪ್ಪತ್ತೆರಡರ ಮೇಲೇ. ಇಪ್ಪತ್ತು ವರ್ಷದಿಂದ ಸ್ಟೇರಿಂಗ್ ಹಿಡಿದ ಮನುಷ್ಯ, ತನಗೆ ಗಾಡಿ ಓಡಿಸುವುದೇ ಮರೆತುಹೋಗಿದೆ ಅಂತ ನಂಬಿಬಿಟ್ಟ.

‘ಆಮೇಲೆ ಅಪ್ಪ ಎಣ್ಣೆ ಉಳಿಸೋಕೆ ಅಂತ ಇಳಿಜಾರಲ್ಲಿ ಇಂಜಿನ್ ಆಫ್ ಮಾಡಿ ಬಿಡೋಕೆ ಶುರು ಮಾಡ್ತು ಸರ್. ಹೋದ ತಿಂಗಳು ಹಳೇಬೀಡು ರೋಡಲ್ಲಿ ಕಾಯಿ ಲೋಡು ತುಂಬ್ಕೊಂಡು ಹಂಗೇ ಇಳೀತಿತ್ತು. ಎದುರಿಗೆ ಟ್ರಾಕ್ಟರ್ ಬಂತು. ಇಂಜಿನ್ ಆಫ್ ಇತ್ತಲ್ಲ, ಬ್ರೇಕು ಕಲ್ಲಿನ್ ಥರ ಗಟ್ಟಿಯಾಗೋಯ್ತಂತೆ. ಗಾಡಿ ಚರಂಡಿಗೆ ಹೋಯ್ತು. ಎಡಗೈಗೆ ಪೆಟ್ಟು ಬಿದ್ದೈತೆ. ಈಗಲೂ ಆಫ್ ಮಾಡೋದು ಬಿಡಲ್ಲ ಅಂತೈತೆ ಸರ್, ಅದೇ ನಂಗೆ ಭಯ.’

ಯಾರೋ ತಿಳಿದವರು ಹೇಳಿಕೊಟ್ಟರಂತೆ ಅಂತ ಕೊನೆಗೆ ಸೇರಿಸಿದಳು. ಯಾರು ಅಂತ ಅಪ್ಪ ಹೇಳಿಲ್ಲವಂತೆ.

ನನಗೆ ಗೊತ್ತಿತ್ತು. ಆ ತಿಳಿದವರು ನಾನು.

ಆರೇಳು ತಿಂಗಳ ಹಿಂದೆ ಕಾಯಿ ಲೋಡಿನ ಜೊತೆ ಅವನ ಪಕ್ಕದ ಸೀಟಿನಲ್ಲಿ ಕೂತು ಬರುವಾಗ, ‘ನನ್ನ ಕಾರು ಇಪ್ಪತ್ತೆರಡು ಕೊಡುತ್ತೆ ಶಿವಣ್ಣ, ಎಲ್ಲಾ ಕಾಲಲ್ಲಿರೋದು ಕಣಯ್ಯ. ಇಳಿಜಾರು ಬಂದರೆ ನಾನು ಆಫ್ ಮಾಡಿಬಿಡ್ತೀನಿ’ ಅಂದಿದ್ದೆ. ನಾನು ಯಾವತ್ತೂ ಆಫ್ ಮಾಡಿದವನಲ್ಲ. ನನಗೆ ಇಳಿಜಾರು ಅಂದರೆ ಇಂಜಿನ್ ಆನ್ ಇದ್ದರೂ ಭಯ. ಮಾತಿಗೆ ಮಾತು ಬಂತು, ಹೇಳಿದೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿದ ಬಾಯಿ, ಏನು ಹೇಳಿದರೂ ಪಾಠದಂತೆಯೇ ಕೇಳಿಸುತ್ತದೆ. ಥೂ ಅನ್ನಿಸಿತು, ನನಗೇ. ಸಹನಾಳ ಮುಂದೆ ಅಷ್ಟನ್ನೂ ಒಪ್ಪಿಕೊಂಡೆ.

ಹೆಂಡತಿ ಅಡುಗೆಮನೆಯಿಂದ ಬಂದು, ‘ಕಾರು ತೆಗೀರಿ. ಆ ಮನುಷ್ಯನಿಗೆ ಹೋಗಿ ನಿಜ ಹೇಳಿ. ನಾನೂ ಬರ್ತೀನಿ, ಈ ದಿನಕ್ಕೆ ಎಷ್ಟು ವರ್ಷದಿಂದ ಕಾಯ್ತಿದ್ದೆ’ ಅಂದಳು.

ಜಾವಗಲ್ಲಿನಲ್ಲಿ ಶಿವಣ್ಣ ಕೈಗೆ ಬಟ್ಟೆ ಕಟ್ಟಿಕೊಂಡು ಜಗಲಿಯ ಮೇಲೆ ಕೂತಿದ್ದ. ಎದ್ದು ನಿಂತ. ನಾನು ನೇರವಾಗಿ ಹೇಳಿದೆ: ‘ಶಿವಣ್ಣ, ಅವತ್ತು ಹೇಳಿದ್ದು ಸುಳ್ಳು ಕಣಯ್ಯ. ನನ್ನ ಕಾರು ಅಷ್ಟು ಕೊಡಲ್ಲ. ನಾನು ಆಫೂ ಮಾಡಲ್ಲ.’

ಅವನು ನಕ್ಕ. ‘ಕೈ ಪೆಟ್ಟಾಗೈತೆ ಅಂತ ಸಮಾಧಾನಕ್ಕೆ ಹೇಳ್ತಿದೀರ ಮೇಷ್ಟ್ರೇ. ನಿಮ್ ಕಾಲು ಒಳ್ಳೇದು. ನಂದೇ ಟೈಮಿಂಗ್ ತಪ್ತು. ಬಂದಿದೀರಲ್ಲ, ಎಲ್ಲಿ ಆಫ್ ಮಾಡಿ ಎಲ್ಲಿ ಆನ್ ಮಾಡ್ಬೇಕು ಅಂತ ಇನ್ನೊಂದ್ಸಲ ತೋರಿಸ್ಕೊಡಿ. ಮುಂದಿನ್ ವಾರದಿಂದ ಲೋಡ್ ಹೊಡೀಬೇಕು.’

ಸುಳ್ಳನ್ನು ಒಂದೇ ಮಾತಿಗೆ ನಂಬಿದ್ದ. ನಿಜವನ್ನು ನಂಬಿಸುವುದಕ್ಕೆ ಏನು ಮಾಡಬೇಕು?

ಸಹನಾಳೇ ದಾರಿ ಹೇಳಿದಳು. ಅಲ್ಲಿನ ಬಂಕಿನಲ್ಲಿ ಕಾರಿಗೆ ಬಾಯಿತನಕ ಪೆಟ್ರೋಲ್ ಹಾಕಿಸುವುದು, ಹಳೇಬೀಡು ದಾಟಿ ಬೇಲೂರಿಗೆ ಹೋಗಿ ವಾಪಸು ಬರುವುದು, ಅದೇ ಬಂಕಿನಲ್ಲಿ ಮತ್ತೆ ಬಾಯಿತನಕ ತುಂಬಿಸುವುದು. ಎಷ್ಟು ಹಿಡಿಯಿತೋ ಅಷ್ಟು ಕುಡಿದಿದೆ ಅಂತ ಅರ್ಥ. ಇಷ್ಟು ಸುಲಭದ ಪರೀಕ್ಷೆಯನ್ನು ಇಷ್ಟು ವರ್ಷದಲ್ಲಿ ನಾನು ಒಮ್ಮೆಯೂ ಮಾಡಿರಲಿಲ್ಲ. (ಮಾಡಿದರೆ ಗೊತ್ತಾಗಿಬಿಡುತ್ತದಲ್ಲ!)

ಹೊರಟೆವು. ಶಿವಣ್ಣ ಮುಂದೆ, ಹೆಂಗಸರಿಬ್ಬರು ಹಿಂದೆ. ಅವನ ಕಣ್ಣು ರಸ್ತೆಯ ಮೇಲಿರಲಿಲ್ಲ, ನನ್ನ ಬಲಗಾಲಿನ ಮೇಲಿತ್ತು. ಇಳಿಜಾರು ಬಂತು.

‘ಇಲ್ಲೇ ಮೇಷ್ಟ್ರೇ. ಆಫ್ ಮಾಡಿ.’

ನಾನು ಮಾಡಲಿಲ್ಲ. ಗೇರ್ ತಗ್ಗಿಸಿ, ಬ್ರೇಕ್ ಮೇಲೆ ಕಾಲಿಟ್ಟುಕೊಂಡು ಮೆಲ್ಲಗೆ ಇಳಿಸಿದೆ. ಸ್ಟೇರಿಂಗ್ ಹಿಡಿದ ಕೈ ಬೆವರಿತ್ತು. ಅದನ್ನು ಅವನೂ ನೋಡಿದ.

‘ಆಫ್ ಮಾಡ್ಲೇ ಇಲ್ವಲ್ಲ.’

‘ಯಾವತ್ತೂ ಮಾಡಿಲ್ಲ ಕಣಯ್ಯ.’

ಶಿವಣ್ಣ ಆಮೇಲೆ ಹಳೇಬೀಡಿನ ಕೆರೆ ಬರುವತನಕ ನನ್ನ ಕಾಲು ಬಿಟ್ಟು ಇಂಜಿನ್ ಕೀಯನ್ನೇ ನೋಡುತ್ತಾ ಕೂತ. ದೇವಸ್ಥಾನದ ಮುಂದೆ ಟೂರಿಸ್ಟ್ ವ್ಯಾನುಗಳು ಎಸಿಗೋಸ್ಕರ ಇಂಜಿನ್ ಆನ್ ಮಾಡಿಕೊಂಡೇ ನಿಂತಿದ್ದವು. ಖಾಲಿ ವ್ಯಾನುಗಳು. ಒಳಗೆ ತಂಪು, ಹೊರಗೆ ಹೊಗೆ. ಅಲ್ಲಿಯ ಡ್ರೈವರುಗಳೂ ತನ್ನ ಫಾರ್ಮಿಗೆ ಸಹಿ ಹಾಕಿದ್ದಾರೆ ಅಂತ ಸಹನಾ ತೋರಿಸಿದಳು. ನಮ್ಮ ತಟ್ಟೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಪಕ್ಕದವರ ತಟ್ಟೆಯ ನೊಣ ತೋರಿಸುವವರು ನಾವು. ಹಾಗಂತ ಆ ಸಹಿ ಸುಳ್ಳಾ? ಅದೂ ಅಲ್ಲ. ಅವರಿಗೂ ಹೊಗೆ ಬೇಡವೇ ಬೇಡ. ನನಗೇ ಇದು ಅರ್ಥವಾಗುವುದಿಲ್ಲ, ನಿಮಗೆ ಆದರೆ ತಿಳಿಸಿ.

ಬೇಲೂರು ಮುಟ್ಟಿ, ಕಾಫಿ ಕುಡಿದು, ವಾಪಸು ಜಾವಗಲ್ಲಿಗೆ ಬಂದೆವು. ಬಂಕಿನವನು ಮತ್ತೆ ತುಂಬಿಸಿದ. ಮೀಟರ್ ಓಡಿತು. ನಿಲ್ಲಲೇ ಇಲ್ಲ ಅನ್ನಿಸಿತು ನನಗೆ. ಸಹನಾ ಮೊಬೈಲಿನಲ್ಲಿ ಭಾಗಿಸಿ ತೋರಿಸಿದಳು. ಹದಿನಾಲ್ಕು.

‘ನಾನು ಹದಿಮೂರು ಅಂದ್ಕೊಂಡಿದ್ದೆ’ ಅಂದಳು ಹೆಂಡತಿ. ಅವಳ ಪ್ರಕಾರ ಅದು ಹೊಗಳಿಕೆ.

ಶಿವಣ್ಣ ಆ ಮೊಬೈಲನ್ನು ಎರಡು ಸಲ ನೋಡಿದ. ಆಮೇಲೆ ನನ್ನನ್ನು ನೋಡಿದ. ಬೈಯುತ್ತಾನೆ ಅಂದುಕೊಂಡೆ, ಬೈದಿದ್ದರೆ ಹಗುರವಾಗುತ್ತಿತ್ತು. ಅವನು ಮೆಲ್ಲಗೆ ಕೇಳಿದ:

‘ಹಂಗಾದ್ರೆ ನಾನು ಸರಿಯಾಗೇ ಓಡಿಸ್ತಿದೀನಾ ಮೇಷ್ಟ್ರೇ?’

ಕುಣಿಯಲಾರದವಳು ನೆಲ ಡೊಂಕು ಅಂದಳು ಅಂತ ಗಾದೆ. ಇಲ್ಲಿ ನೆಲವೇ ಡೊಂಕು. ಆದರೆ ಊರಿನವರೆಲ್ಲ ಸೇರಿ ನೆಲ ಸರಿಯಿದೆ ಅಂತ ಸಾಕ್ಷಿ ಹೇಳಿ, ಚೆನ್ನಾಗಿ ಕುಣಿಯುವವನು ತನ್ನ ಕಾಲನ್ನೇ ಬೈದುಕೊಳ್ಳುವಂತೆ ಮಾಡಿದ್ದೆವು. ಗಾಡಿ ಮಾಡಿದವನಿಗೆ ಕೇಳಬೇಕಾದ ಪ್ರಶ್ನೆಯನ್ನು ಓಡಿಸುವವನ ಕಾಲಿಗೆ ಕೇಳಿದ್ದೆವು. ಶೋರೂಮಿನವನಿಗೆ ಬೇಕಾಗಿದ್ದೂ ಅಷ್ಟೇ. ನಾವು ಅವನಿಗೆ ಬಿಟ್ಟಿಯಾಗಿ ಜಾಹೀರಾತು ಕೊಡುತ್ತಿದ್ದೇವೆ.

ನಿಯಮ ಬಿಗಿಯಾದರೆ ಎಲ್ಲಾ ಸರಿಹೋಗುತ್ತದಾ? ಗಾಡಿಯ ರೇಟು ಏರಿದರೆ ಶಿವಣ್ಣನಂಥವರು ಏನು ಮಾಡಬೇಕು? ಕಂಪನಿಯವರು ಪರೀಕ್ಷೆ ಮಾಡುವ ರಸ್ತೆಯಲ್ಲಿ ನಮ್ಮ ಗುಂಡಿ, ನಮ್ಮ ಹಂಪು, ನಮ್ಮ ಕಾಯಿ ಲೋಡು ಇರುತ್ತವಾ? ನನಗೆ ಗೊತ್ತಿಲ್ಲ. ಗೊಂದಲ ಇನ್ನೂ ಹಾಗೇ ಇದೆ. ಒಂದು ಮಾತ್ರ ಗೊತ್ತಾಯಿತು. ಸಹಿ ಹಾಕುವುದು ಸುಲಭ, ಅದರ ಕೆಳಗಿನ ಖಾಲಿ ಜಾಗ ತುಂಬುವುದು ಕಷ್ಟ.

ಸಹನಾ ಬ್ಯಾಗಿನಿಂದ ಎರಡು ಹೊಸ ಫಾರ್ಮ್ ತೆಗೆದಳು. ಒಂದು ನನಗೆ, ಇನ್ನೊಂದು ಅಪ್ಪನಿಗೆ. ನಾನು ಕಣ್ಣರಳಿಸಿದೆ. ಹೌದು, ಅವಳ ಅಪ್ಪನೂ ಮೊದಲಿನ ಫಾರ್ಮಿನಲ್ಲಿ ಇಪ್ಪತ್ತೆರಡು ಅಂತಲೇ ಬರೆದಿದ್ದನಂತೆ. ಯಾರಿಗಾಗಿ ಅವಳು ಇಷ್ಟೆಲ್ಲಾ ಓಡಾಡಿದಳೋ, ಅವನೇ!

‘ಊರೋರೆಲ್ಲಾ ಇಪ್ಪತ್ತೆರಡು ಅಂದಾಗ ನಾನೊಬ್ನೇ ಹೆಂಗ್ ಹದಿನಾರು ಅಂತ ಬರೀಲವ್ವ’ ಅಂದ ಮಗಳಿಗೆ.

ಕಾರಿನ ಬಾನೆಟ್ಟಿನ ಮೇಲಿಟ್ಟುಕೊಂಡು ಇಬ್ಬರೂ ಬರೆದೆವು. ಅವನು ಹದಿನಾರು ಅಂತ ಬರೆದ. ಇನ್ನು ಇಳಿಜಾರಲ್ಲಿ ಆಫ್ ಮಾಡುವುದಿಲ್ಲ ಅಂತ ಮಗಳು ಮಾತು ತೆಗೆದುಕೊಂಡಳು, ಕೊಟ್ಟ. ಆದರೂ ಅವಳಿಗೆ ಪೂರ್ತಿ ನಂಬಿಕೆ ಬರಲಿಲ್ಲ.

‘ಅಪ್ಪಾ, ಮುಂದಿನ್ ವಾರ ಮಂಡೀಲಿ ಎಲ್ಲಾರೂ ಸೇರಿರ್ತಾರೆ. ಎಷ್ಟು ಕೊಡ್ತದೆ ಶಿವಣ್ಣ ಅಂದ್ರೆ ಏನಂತೀಯ?’

ಶಿವಣ್ಣ ಪೆನ್ನಿನ ಕ್ಯಾಪು ಹಾಕಿದ, ತೆಗೆದ, ಮತ್ತೆ ಹಾಕಿದ. ಮಂಡಿಯಲ್ಲಿ ಅವನನ್ನು ನೋಡಿ ನಗುವವರ ಮುಖಗಳೆಲ್ಲಾ ಆಗಲೇ ಅವನ ಕಣ್ಣ ಮುಂದೆ ಇದ್ದವು. ಅವರ ಮುಂದೆ ನಿಜ ಹೇಳಲಾಗದಿದ್ದರೆ ಅವನ ಕೈ ಮತ್ತೆ ಇಂಜಿನ್ ಕೀಗೆ ಹೋಗುತ್ತದೆ. ಅದು ಮಗಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಕೊನೆಗೆ ನನ್ನ ಕಡೆ ತಿರುಗಿದ.

‘ನೀವು ಮೊದ್ಲು ನಾಕು ಜನದ ಮುಂದೆ ಹೇಳಿ ಮೇಷ್ಟ್ರೇ. ಆಮೇಲೆ ನಾನೂ ಹೇಳ್ತೀನಿ.’

ಇಗೋ ಹೇಳಿದೆ ಶಿವಣ್ಣ, ಈ ಪೇಪರಿನಲ್ಲೇ ಹೇಳಿದೆ: ಹದಿನಾಲ್ಕು, ಅದೂ ಇಳಿಜಾರು ಸೇರಿ.