ಊರ ಕಾರ್ಡಿನಲ್ಲಿ ನಾಲ್ಕು ಹೆಸರು

ಇದು ಆಗುವ ಕೆಲಸವಲ್ಲ ಎಂದು ಮೊದಲು ಹೇಳಿದವನು ನಮ್ಮಪ್ಪ. ಎರಡನೆಯವನು ರೇಶನ್ ಅಂಗಡಿಯವನು. ಮೂರನೆಯವಳು ನಮ್ಮ ಅಜ್ಜಿ, ಅಪ್ಪನ ತಾಯಿ. ಅವಳು ಆಗುವುದಿಲ್ಲ ಅನ್ನಲಿಲ್ಲ, ಆಗಕೂಡದು ಅಂದಳು. ಮೊದಲಿನ ಇಬ್ಬರಿಗೆ ಏನಾದರೂ ಉತ್ತರ ಕೊಡಬಹುದಿತ್ತು. ಅಜ್ಜಿಗೆ ಏನು ಹೇಳಬೇಕೆಂದು ನನ್ನ ಕಾಲೇಜಿನಲ್ಲಿ ಯಾರೂ ಕಲಿಸಿರಲಿಲ್ಲ.

ಕೆಲಸವೇನೂ ದೊಡ್ಡದಲ್ಲ. ಮಹಾರಾಷ್ಟ್ರದ ಮಿರಜಿನಲ್ಲಿ ನಮ್ಮ ಮನೆಗೊಂದು ರೇಶನ್ ಕಾರ್ಡು ಮಾಡಿಸುವುದು.

ನಾವಿದ್ದದ್ದು ಮಿರಜಿನ ರೈಲು ಹಳಿಯ ಆಚೆ, ಹನ್ನೆರಡು ಮನೆಗಳ ಒಂದು ಓಣಿಯಲ್ಲಿ. ಹನ್ನೆರಡೂ ಮನೆಯವರು ಗಡಿಯಾಚೆ ಕರ್ನಾಟಕದ ಒಂದೇ ಊರಿನಿಂದ ಕೂಲಿಗೆ ಬಂದವರು. ನಾನು ಊರಿನ ಕನ್ನಡ ಶಾಲೆಯಲ್ಲಿ ಎರಡನೆಯ ಇಯತ್ತೆ ಮುಗಿಸಿದ ಮೇಲೆ ಬಂದೆವು, ಮೂರನೆಯ ತರಗತಿಗೆ ಮರಾಠಿ ಶಾಲೆ ಸೇರಿದೆ. ಅಪ್ಪ ಸಾಂಗ್ಲಿಯ ಅರಿಶಿನ ಪೇಟೆಯಲ್ಲಿ ಹಮಾಲ. ಅವ್ವ ಮಾಲಗಾಂವದ ದ್ರಾಕ್ಷಿ ತೋಟಕ್ಕೆ ಹೋಗುತ್ತಿದ್ದಳು. ಒಳ್ಳೆಯ ಗೊನೆಗಳು ಕಾಗದ ಸುತ್ತಿಕೊಂಡು ಪೆಟ್ಟಿಗೆಯಲ್ಲಿ ಪರದೇಶಕ್ಕೆ ಹೋಗುತ್ತಿದ್ದವು. ಒಡೆದ ಕಾಳುಗಳು ಅವ್ವನ ಸೆರಗಿನಲ್ಲಿ ಮನೆಗೆ ಬರುತ್ತಿದ್ದವು. ಹಂಗಾಮಿನ ಎರಡು ತಿಂಗಳು ನಮ್ಮ ಓಣಿಯ ಮಕ್ಕಳು ಹೊಟ್ಟೆ ತುಂಬ ದ್ರಾಕ್ಷಿ ತಿನ್ನುತ್ತಿದ್ದವು. ಉಳಿದ ಹತ್ತು ತಿಂಗಳು ಹಣ್ಣೆಂಬುದನ್ನು ಗಾಡಿಯ ಮೇಲೆ ನೋಡುತ್ತಿದ್ದವು.

ಆ ವರ್ಷಗಳಲ್ಲಿ ಸಾಂಗ್ಲಿ ಮಿರಜ್ ನಡುವಿನ ರಸ್ತೆ ಕಣ್ಣೆದುರೇ ಅಗಲವಾಯಿತು. ವಿಶ್ರಾಮಬಾಗದಲ್ಲಿ ಗಾಜಿನ ಬಾಗಿಲಿನ ಅಂಗಡಿಗಳೆದ್ದವು. ನಮ್ಮ ಓಣಿಗೆ ನಲ್ಲಿ ಬರಲಿಲ್ಲ, ಡಾಂಬರು ಬರಲಿಲ್ಲ, ತರಕಾರಿ ಗಾಡಿಯೂ ಬರಲಿಲ್ಲ. ಹಳಿ ದಾಟಿಸಲು ಯಾರಿಗೆ ಬೇಕಾಗಿದೆ? ಬಂದದ್ದು ಬಣ್ಣಬಣ್ಣದ ಕುರುಕಲು ತಿಂಡಿಯ ಪಾಕೀಟುಗಳ ಸರ. ಮೂಲೆಯ ಗೂಡಂಗಡಿಯಲ್ಲಿ ಬಾಗಿಲಿಗೆ ಕಟ್ಟಿದ ತೋರಣದ ಹಾಗೆ ತೂಗುತ್ತಿದ್ದವು. ಕೂಲಿಗೆ ಹೊರಟ ತಾಯಂದಿರು ಅಳುವ ಮಗುವಿನ ಕೈಗೆ ಒಂದು ಪಾಕೀಟು ಹರಿದುಕೊಟ್ಟು ಓಡುತ್ತಿದ್ದರು. ಪಕ್ಕದ ಬೇಡಗ ಊರಿನ ಬದನೆ, ಮೆಂತ್ಯೆ ಹೊತ್ತ ಟೆಂಪೊಗಳು ನಮ್ಮ ರೈಲು ಗೇಟಿನ ಮುಂದಿನಿಂದಲೇ ಸಾಂಗ್ಲಿಗೆ ಹೋಗುತ್ತಿದ್ದವು. ಅದೇ ಮೆಂತ್ಯೆ ಮೂರು ಕೈ ಬದಲಾಗಿ, ಬಾಡಿ, ದುಬಾರಿಯಾಗಿ ಸಂಜೆ ನಮ್ಮಲ್ಲಿಗೆ ಬರುತ್ತಿತ್ತು. ಇದನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ತಂಗಿಗೆ ಆಗ ಏಳು ವರ್ಷ. ಮಿರಜಿನಲ್ಲೇ ಹುಟ್ಟಿದವಳು. ನನಗೂ ಅವಳಿಗೂ ನಡುವೆ ಹುಟ್ಟಿದ ಇಬ್ಬರು ಉಳಿಯಲಿಲ್ಲ. ಅವಳು ನಾಲ್ಕು ಹೆಜ್ಜೆ ನಡೆದರೆ ಕೂರುತ್ತಿದ್ದಳು, ಉಗುರು ಬೆಳ್ಳಗೆ ಸುಣ್ಣದ ಹಾಗೆ. ಮಿರಜ್ ಅಂದರೆ ದವಾಖಾನೆಗಳ ಊರು; ಎಲ್ಲೆಲ್ಲಿಂದಲೋ ರೈಲು ಹತ್ತಿ ಜನ ಬರುತ್ತಾರೆ. ನಾವು ನಡೆದು ಹೋದೆವು. ಡಾಕ್ಟರು ಅವಳನ್ನು ತೂಗಿ ನೋಡಿ ಒಂದು ಚೀಟಿ ಬರೆದರು. ಅವ್ವ ಆ ಚೀಟಿಯನ್ನು ನೇರ ಔಷಧದ ಅಂಗಡಿಗೆ ಒಯ್ದಳು. ಅಂಗಡಿಯವನು ಓದಿ ವಾಪಸು ಕೊಟ್ಟ. ಅದರಲ್ಲಿದ್ದದ್ದು ಬೇಳೆ, ತತ್ತಿ, ಸೊಪ್ಪು, ಹಾಲು.

ಆಗ ನಾನು ಬಿ.ಎ. ಮುಗಿಸಿದ್ದೆ. ನಮ್ಮ ಓಣಿಯಲ್ಲಿ ಮೊದಲನೆಯವಳು, ನಮ್ಮ ವಂಶದಲ್ಲಿ ಮೊದಲನೆಯವಳು. ಬೆಳಗ್ಗೆ ಹಳಿ ದಾಟಿ, ಹನ್ನೆರಡು ಮನೆಗೂ ಒಂದೇ ಆದ ನಲ್ಲಿಯ ಸಾಲಿನಲ್ಲಿ ನಿಂತು, ಆಮೇಲೆ ವಿಶ್ರಾಮಬಾಗದ ಕಾಲೇಜಿಗೆ ನಡೆದುಹೋಗಿ ಕಲಿತ ಪದವಿ ಅದು. ಯಾರೂ ನನಗೆ ದಾನ ಕೊಟ್ಟದ್ದಲ್ಲ. ಗೋದಿ ಅಕ್ಕಿಯ ಕಾಳು ರೇಶನ್ನಿನಲ್ಲಿ ಸಿಕ್ಕರೆ ಕೂಲಿಯಲ್ಲಿ ಉಳಿದದ್ದು ಬೇಳೆಗೂ ತತ್ತಿಗೂ ಆದೀತು ಎಂದು ಲೆಕ್ಕ ಹಾಕಿ ಕಾರ್ಡಿನ ಕೆಲಸ ಹಿಡಿದೆ.

ಅಪ್ಪ ಅಂದ: "ನಾವ ಆ ಕಡಿಯವರವ್ವ. ಇಲ್ಲಿ ನಮಗ್ಯಾರ ಕೊಡ್ತಾರ? ಸುಮ್ನ ಚಪ್ಪಲಿ ಸವಸಬ್ಯಾಡ."

ರೇಶನ್ ಅಂಗಡಿಯವನು ಮರಾಠಿಯಲ್ಲಿ ನಕ್ಕ. ನಿಮ್ಮ ಹೆಸರು ಕರ್ನಾಟಕದಲ್ಲಿ ಉಣ್ಣುತ್ತಿದೆ, ಒಂದು ಹೆಸರಿಗೆ ಎರಡು ರಾಜ್ಯದಲ್ಲಿ ತಟ್ಟೆ ಹಾಕುವುದಿಲ್ಲ ಅಂದ.

ಅವನು ಹೇಳಿದ್ದು ಸುಳ್ಳಲ್ಲ. ನಮ್ಮ ನಾಲ್ವರ ಹೆಸರು, ಅಂದರೆ ಅಜ್ಜಿ, ಅಪ್ಪ, ಅವ್ವ ಮತ್ತು ನನ್ನದು, ಊರಲ್ಲಿ ದೊಡ್ಡಪ್ಪನ ಕಾರ್ಡಿನಲ್ಲಿ ಹಾಗೇ ಇದ್ದವು. ತಂಗಿಯ ಹೆಸರು ಯಾವ ಕಾರ್ಡಿನಲ್ಲೂ ಇರಲಿಲ್ಲ. ಮಿರಜಿನ ತಹಶೀಲ ಕಚೇರಿಯ ಕಾರಕೂನ ನನ್ನ ಅರ್ಜಿ ನೋಡಿ, ಅಲ್ಲಿ ಹೆಸರು ಕಡಿಮೆ ಮಾಡಿದ ದಾಖಲೆ ತನ್ನಿ, ಇಲ್ಲಿ ಬರೆದುಕೊಳ್ಳುತ್ತೇನೆ ಅಂದ. ನಿಯಮವಿರುವುದೇ ಹಾಗೆ. ನಾನು ಖುಷಿಯಿಂದ ಮನೆಗೆ ಬಂದು ಹೇಳಿದೆ. ಅಜ್ಜಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಹೆಸರ ಹೊಡಸತಿಯೇನ? ಜೀವಂತ ಇದ್ದವರದು?"

ನಮ್ಮ ಊರಲ್ಲಿ ರೇಶನ್ ಕಾರ್ಡಿನಿಂದ ಹೆಸರು ಹೊಡೆಸುವುದು ಸತ್ತವರದು ಮಾತ್ರ. ದಿನ ಕರ್ಮ ಮುಗಿದ ಮೇಲೆ ಮನೆಯ ಹಿರಿಯ ಕಾರ್ಡು ಹಿಡಿದು ಚಾವಡಿಗೆ ಹೋಗುತ್ತಾನೆ, ಊರ ಲೆಕ್ಕ ಬರೆಯುವ ತಲಾಟಿ ಕೆಂಪು ಶಾಯಿಯಲ್ಲಿ ಗೀಟು ಎಳೆಯುತ್ತಾನೆ, ಹಿರಿಯ ಮನೆಗೆ ಬಂದು ತಲೆಗೆ ನೀರು ಹಾಕಿಕೊಳ್ಳುತ್ತಾನೆ. ಅಜ್ಜಿ ತನ್ನ ಗಂಡನ ಹೆಸರಿನ ಮೇಲೆ ಆ ಗೀಟು ಕಂಡವಳು. ಊರು ಬಿಡುವಾಗ ಹನ್ನೆರಡು ಮನೆಯವರಲ್ಲಿ ಒಬ್ಬರೂ ಹೆಸರು ತೆಗೆಸಲಿಲ್ಲ. ಹಾಗೆ ಮಾಡುವುದೆಂದರೆ ಸಾವನ್ನು ಬಾಗಿಲಿಗೆ ಕರೆದಂತೆ. ಹೀಗೆ ಹನ್ನೆರಡು ಮನೆಗಳು ಅಷ್ಟು ವರ್ಷ ಪೇಟೆಯ ದರದಲ್ಲಿ ಕಾಳು ಕೊಂಡವು.

"ಗೀಟ ಎಳದ್ರ ಸಾಯೂದಿಲ್ಲಜ್ಜಿ," ಅಂದೆ.

"ಕಲತವಳು ನೀ. ಎಳಸಿ ನೋಡ. ನಾ ಹ್ವಾದ ಮ್ಯಾಲ ತಿಳೀತೈತಿ."

ಅವಳಿಗೆ ಹೇಳದೆ ನಾನೊಬ್ಬಳೇ ಊರಿಗೆ ಹೋದೆ. ಮೊದಲ ಸಲ ತಲಾಟಿ ಇರಲಿಲ್ಲ. ಎರಡನೆಯ ಸಲ ಚಾವಡಿಗೆ ಬೀಗ. ಮೂರನೆಯ ಸಲ ದೊಡ್ಡಪ್ಪ, "ನೀ ಹೆಣ್ಮಗಳು, ಅಲ್ಲೆಲ್ಲಾ ಬರಬ್ಯಾಡ. ನಾನ ಮಾಡಿಸ್ಕೊಂಡ ಬರ್ತೇನಿ" ಎಂದು ಹೋಗಿ, ಚಾವಡಿಯ ಮುದ್ರೆಯ ಸಿಕ್ಕೆ ಬಿದ್ದ ಒಂದು ಕಾಗದ ತಂದುಕೊಟ್ಟ. ಕನ್ನಡದ ಕಾಗದ. ನಾನು ಕನ್ನಡದಲ್ಲಿ ಮಾತಾಡುತ್ತಿದ್ದೆ, ಜಗಳವಾಡುತ್ತಿದ್ದೆ, ಓದಲು ಬರುತ್ತಿರಲಿಲ್ಲ. ಎರಡನೆಯ ಇಯತ್ತೆಯ ಅಕ್ಷರಗಳು ಯಾವಾಗಲೋ ಅಳಿಸಿಹೋಗಿದ್ದವು. ಸಿಕ್ಕೆ ನೋಡಿ ನಂಬಿದೆ.

ಕಾರಕೂನ ಕಾಗದವನ್ನು ತಿರುಗಿಸಿ ನೋಡಿ, ಮರಾಠಿಯಲ್ಲಿ ಬರೆಸಿಕೊಂಡು ಬಾ ಅಂದ. ಅಪ್ಪ ಚೀಲ ಹೊರುವ ಅರಿಶಿನದ ಅಂಗಡಿಯ ಹಿರಿಯ ಸಾವಕಾರರು ಜೈನರು, ಮನೆಯಲ್ಲಿ ಕನ್ನಡ ಉಳಿಸಿಕೊಂಡವರು. ಅವರಲ್ಲಿಗೆ ಒಯ್ದೆ. ಅವರು ಕನ್ನಡಕ ಏರಿಸಿ ಒಮ್ಮೆ ಓದಿದರು. ಇನ್ನೊಮ್ಮೆ ಓದಿದರು.

"ಮಗಳ, ನೀ ಏನ ಬೇಡಿದ್ದಿ?"

"ಹೆಸರ ತಗದ ದಾಖಲಾರಿ."

"ಇದರಾಗ ನಾಕೂ ಮಂದಿ ಇದ ಊರಾಗ ಖಾಯಂ ಅದಾರ, ಇದ ಕಾರ್ಡಿನ್ಯಾಗ ಅದಾರ ಅಂತ ಬರದಾರವಾ." ಕಾಗದ ಮಡಚಿ ಕೊಟ್ಟು ಕೇಳಿದರು: "ಡಿಗ್ರಿ ಯಾವದರಾಗ?"

"ಮರಾಠ್ಯಾಗರಿ."

"ಹಂಗಾರ ನಿನ್ನ ತಪ್ಪಲ್ಲ ಬಿಡ." ಅವರು ಸಮಾಧಾನಕ್ಕೆ ಅಂದದ್ದು. ನನಗೆ ಕಪಾಳಕ್ಕೆ ಬಿದ್ದ ಹಾಗಾಯಿತು. ಹದಿನೈದು ವರ್ಷ ಕಲಿತವಳು, ನಮ್ಮಜ್ಜಿಯ ಹೆಸರು ಬರೆದ ಕಾಗದವನ್ನು ಓದಲಾರದೆ ಊರೆಲ್ಲ ಹೊತ್ತು ತಿರುಗಿದ್ದೆ. ಮರುದಿನ ನಲ್ಲಿಯ ಸಾಲಿನಲ್ಲಿ ನಮ್ಮ ಪಕ್ಕದ ಮನೆಯಾಕೆ, ಓಣಿಗೆಲ್ಲ ಮಾವಶಿ, ಎಲ್ಲರಿಗೂ ಕೇಳುವಂತೆ ಅಂದಳು: "ನಮ್ಮ ಓಣಿ ಬ್ಯಾರಿಸ್ಟರ ಬಂದ್ಳ ನೋಡ್ರಿ. ಕೊಡ ಮುಂದ ಬಿಡ್ರಿ, ಕಾರ್ಡ ತರಾಕ ಹೋಗಬೇಕಾಗೇತಿ!"

ಎಲ್ಲರೂ ನಕ್ಕರು. ನಾನೂ ನಗಬಹುದಿತ್ತು. ನಗಲಿಲ್ಲ.

ಆ ತಿಂಗಳು ನಾನು ದಿನಾ ಮಿರಜ್ ಬಸ್ ಸ್ಟ್ಯಾಂಡಿಗೆ ಹೋಗಿ ಕರ್ನಾಟಕದ ಬಸ್ಸುಗಳ ಬೋರ್ಡು ಓದಿದೆ. ಕಂಡಕ್ಟರ್ ಊರಿನ ಹೆಸರು ಕೂಗುತ್ತಿದ್ದ, ನಾನು ಬೋರ್ಡಿನ ಮೇಲೆ ಅಕ್ಷರ ಹಿಡಿಯುತ್ತಿದ್ದೆ. ಈಗ ಬರೆಯುತ್ತಿರುವ ಈ ಕನ್ನಡ ಅಲ್ಲಿ ಶುರುವಾದದ್ದು, ಪ್ರೀತಿಯಿಂದಲ್ಲ, ಸಿಟ್ಟಿನಿಂದ.

ಆ ಸಿಟ್ಟು ಒಂದು ಮಧ್ಯಾಹ್ನ ಅಜ್ಜಿಯ ಮೇಲೆ ಬಿತ್ತು. ತಂಗಿ ಹೊಸ್ತಿಲಲ್ಲಿ ಕೂತು ಪಾಕೀಟಿನ ತಳದ ಉಪ್ಪು ನೆಕ್ಕುತ್ತಿದ್ದಳು. "ನಿನ್ನ ಹೆಸರ ಊರಾಗ ಗಟ್ಟಿ ಐತಿ," ಅಂದೆ. "ಇಕಿನ್ನ ನೋಡ. ನಿನಗ ಹೆಸರ ದೊಡ್ಡದಾತು, ಇಕಿ ಸಣ್ಣಾಕಿ ಆದ್ಲು." ಊರಿಗೆ ನಾನೇ ಹೋಗಿ, ಎದುರಿಗೆ ನಿಂತು ಗೀಟು ಎಳೆಸುತ್ತೇನೆ ಎಂದೂ ಹೇಳಿದೆ.

ಮರುದಿನ ಬೆಳಗ್ಗೆ ನಾನು ಹೊರಟಾಗ ಅಜ್ಜಿ ಒಗೆದ ಸೀರೆ ಉಟ್ಟು, ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ನೀ ಯಾಕ?"

"ತಲಾಟಿ ಮುಂದ ಕುಂದರಾಕ. ನನ್ನ ಕೇಳದ ಹೆಂಗ ಹೊಡೀತಾನ ನೋಡ್ತೇನಿ."

ಬಸ್ಸಿನಲ್ಲಿ ಟಿಕೀಟು ಕೂಡ ತನ್ನದು ತಾನೇ ತೆಗೆದುಕೊಂಡಳು.

ದೊಡ್ಡಪ್ಪನ ಮನೆಯಲ್ಲಿ ಚಾಪೆ ಹಾಸಿದರು. ದೊಡ್ಡಪ್ಪ ತಾಯಿಯ ಕಾಲು ಮುಟ್ಟಿ, "ಯವ್ವಾ, ನಾ ಅದಕ್ಕ ಆ ಕಾಗದ ಹಂಗ ಬರಸಿದ್ನಿ. ನಿನ್ನ ಹೆಸರಿಗಿ ಯಾರೂ ಕೈ ಹಚ್ಚಾಂಗಿಲ್ಲ" ಅಂದ. ಅಜ್ಜಿ ಹೆಮ್ಮೆಯಿಂದ ನನ್ನ ಕಡೆ ನೋಡಿದಳು. ದೊಡ್ಡವ್ವ ಚಹಾ ತಂದಳು. ಅಜ್ಜಿ ಒಂದು ಗುಟುಕು ಕುಡಿದು ಕಪ್ಪು ಕೆಳಗಿಟ್ಟಳು.

"ಸಕ್ರಿ ಹಾಕಿಲ್ಲೇನ?"

"ತೀರೇತ್ರಿ ಅತ್ತಿ. ಈ ಸಲದ ರೇಶನ್ ಬೀಗರು ಬಂದಾಗ ಖರ್ಚಾತು," ಅಂದಳು ದೊಡ್ಡವ್ವ.

"ನಂದೂ?"

ದೊಡ್ಡವ್ವ ತಬ್ಬಿಬ್ಬಾದಳು. "ನಿಮ್ಮದ ಅಂತ ಬ್ಯಾರೆ ಎಲ್ಲಿ ಇಡ್ತೇವ್ರಿ?"

"ತಿಂಗಳಾ ನನ್ನ ಹೆಸರಲೆ ಸಕ್ರಿ ತರತೀರಿ. ಗೋದಿ ತರತೀರಿ. ಎಣ್ಣಿ ತರತೀರಿ. ಅಷ್ಟ ವರ್ಷಾತು. ನಾ ಬಂದ ದಿನ ಒಂದ ಚಮಚೆ ಇಲ್ಲ?"

ದೊಡ್ಡಪ್ಪ ತಲೆ ತುರಿಸಿದ. "ನೀ ಇಲ್ಲಿ ಇರೂದಿಲ್ಲಲ್ಲ ಯವ್ವ. ಯಾರಿಗಿ ಅಂತ ತಗದಿಡೂನು?"

ಅಂಗಳದಲ್ಲಿ ದೊಡ್ಡಪ್ಪನ ಮೊಮ್ಮಕ್ಕಳು ಆಡುತ್ತಿದ್ದವು. ಅವೂ ದಪ್ಪಗೇನಿರಲಿಲ್ಲ. ನನಗೆ ಆ ಮನೆಯ ಮೇಲೂ ಪೂರ್ತಿ ಸಿಟ್ಟು ಮಾಡಲು ಆಗಲಿಲ್ಲ, ಅದು ಇನ್ನೊಂದು ಕಿರಿಕಿರಿ. ಅಜ್ಜಿ ಮಾತ್ರ ದೊಡ್ಡಪ್ಪನನ್ನೇ ನೋಡುತ್ತ ಕೂತಳು. ಆಮೇಲೆ ಸಪ್ಪನೆಯ ಚಹಾವನ್ನು ಪೂರ್ತಿ ಕುಡಿದು, ಕಪ್ಪು ತೊಳೆದಿಟ್ಟು ಎದ್ದಳು.

"ಕಾರ್ಡ ತಗೋ. ಚಾವಡಿಗಿ ನಡಿ."

"ಯವ್ವಾ, ಸಕ್ರಿ ಸಲುವಾಗಿ..."

"ಸಕ್ರಿ ಸಲುವಾಗಿ ಅಲ್ಲೋ. ನಾ ಇಲ್ಲಿ ಇರೂದಿಲ್ಲ ಅಂತ ನೀನ ಹೇಳ್ದಿ."

ಆ ದಿನ ತಲಾಟಿ ಇದ್ದ. ದೊಡ್ಡ ವಹಿ ತೆರೆದು, ದೊಡ್ಡಪ್ಪ ಕೊಟ್ಟ ಕಾರ್ಡನ್ನು ಪಕ್ಕದಲ್ಲಿಟ್ಟು, ಕೆಂಪು ಪೆನ್ನು ಕೈಗೆತ್ತಿಕೊಂಡ. ಅಜ್ಜಿ ಕೈ ಅಡ್ಡ ಹಿಡಿದಳು.

"ಸಾಹೇಬ್ರ, ಸತ್ತವರಿಗಿ ಯಾವ ಪೆನ್ ಹಚ್ಚತೀರಿ?"

"ಇದನ್ನ ಅಜ್ಜಿ."

"ಹೋದವರಿಗಿ?"

"ಎಲ್ಲಾರಿಗೂ ಇದನ್ನ."

"ಹಂಗ ಮಾಡಿದ್ರ ನಾಳೆ ನೋಡಿದವರಿಗಿ ಹೆಂಗ ಗೊತ್ತಾಗತೈತಿ, ಸತ್ತಾರೋ ಮಿರಜಿಗಿ ಹೋಗ್ಯಾರೋ?"

ತಲಾಟಿ ಕೆಂಪು ಪೆನ್ನು ಕೆಳಗಿಟ್ಟ. ನಿಯಮದ ಪುಸ್ತಕದಲ್ಲಿ ಇದಕ್ಕೆ ಉತ್ತರ ಇತ್ತೋ ಇಲ್ಲವೋ, ಅವನು ಜೇಬಿನಿಂದ ನೀಲಿ ಪೆನ್ನು ತೆಗೆದ. ಗೀಟೆಳೆಯುವ ಮೊದಲು ಪ್ರತಿ ಹೆಸರಿನ ಮುಂದೆ ಬರೆದ. ನಾನು ಬಗ್ಗಿ, ಬಸ್ಸಿನ ಬೋರ್ಡು ಓದಿದ ಹಾಗೆ ಒಂದೊಂದೇ ಅಕ್ಷರ ಹಿಡಿದು ಅಜ್ಜಿಗೆ ಓದಿ ಹೇಳಿದೆ: ಮಿರಜಿಗೆ ವಾಸಕ್ಕೆ ಹೋಗಿದ್ದಾರೆ. ನಾಲ್ಕು ಸಲ ಓದಿಸಿಕೊಂಡಳು, ನಾಲ್ವರಿಗೂ. ಆಮೇಲೆಯೇ ಕೈ ತೆಗೆದಳು. ಗೀಟು ಎಳೆಯುವಾಗ ಬೇರೆ ಕಡೆ ಮುಖ ಮಾಡಿದಳು.

ತಲಾಟಿ ದಾಖಲೆ ಬರೆದು, ಸಿಕ್ಕೆ ಒತ್ತಿ, ಊದಿ ಒಣಗಿಸಿ ನನ್ನ ಕಡೆ ಚಾಚಿದ. ಈ ಸಲ ನಾನು ಅಲ್ಲೇ ನಿಂತು ಕೊನೆಯ ಸಾಲಿನವರೆಗೂ ಓದಿದೆ. ತಲಾಟಿ ಎರಡು ಸಲ ಗಡಿಯಾರ ನೋಡಿದ, ನೋಡಲಿ ಬಿಡು ಎಂದು ಓದಿದೆ. ಒಂದು ತಪ್ಪಿತ್ತು, ಅವ್ವನ ವಯಸ್ಸು. ತಿದ್ದಿಸಿ, ಅದರ ಮೇಲೂ ಸಿಕ್ಕೆ ಹಾಕಿಸಿದೆ. ಹೊರಗೆ ಬಂದಾಗ ಅಜ್ಜಿ ಕಾಗದ ಕೇಳಿದಳು. ಕೊಟ್ಟೆ. ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಇಲ್ಲಿ ಹೊಡದ್ರು. ಅಲ್ಲಿ ಇನ್ನೂ ಬರಕೊಂಡಿಲ್ಲ. ಹಂಗಾರ ಈಗ ನಾ ಎಲ್ಲಿ ಅದೇನಿ?"

"ಈ ಕಾಗದದಾಗಜ್ಜಿ. ಇನ್ನೆಲ್ಲೂ ಇಲ್ಲ."

ಅಜ್ಜಿ ಕಾಗದವನ್ನು ನನ್ನ ಕೈಗೆ ವಾಪಸು ಕೊಟ್ಟಳು.

"ಮತ್ತ ನಿಂತೇನ ನೋಡ್ತಿ? ಲಗೂ ನಡಿ, ಕಚೇರಿ ಮುಚ್ಚೂದ್ರಾಗ ಮುಟ್ಟೂನು. ಅಲ್ಲಿ ಮೊದಲ ಸಣ್ಣಾಕಿ ಹೆಸರ ಬರಸ. ಆಮ್ಯಾಲ ನಂದು."