ಅಡ್ಡ ಮಲಗಿದ ಸರ್ವರ್

ಕೆಲಸದ ಮಧ್ಯೆ ಯಾರಾದರೂ ಬುದ್ಧಿ ಹೇಳಿದರೆ ನನಗೆ ಮೈ ಉರಿಯುತ್ತದೆ. ಇದು ಒಳ್ಳೆಯ ಗುಣವಲ್ಲ ಎಂದು ಮನೆಯವರು ಹೇಳಿ ಹೇಳಿ ಸಾಕಾಗಿ ಬಿಟ್ಟಿದ್ದಾರೆ. ಶಿವಮೊಗ್ಗ ಮತ್ತು ಭದ್ರಾವತಿಯ ಅಂಗಡಿ, ಶಾಲೆ, ಆಸ್ಪತ್ರೆಗಳ ಕಂಪ್ಯೂಟರ್ ರಿಪೇರಿ ಮಾಡುತ್ತ ಇಪ್ಪತ್ತು ವರ್ಷಕ್ಕೂ ಮೇಲಾಯಿತು. ಹೋದಲ್ಲೆಲ್ಲ "ಸರ್ ಬರಲಿಲ್ವಾ ಮೇಡಂ?" ಎಂದು ನನ್ನ ಬೆನ್ನ ಹಿಂದೆ ಇಣುಕುವವರು ಒಬ್ಬರಾದರೂ ಸಿಗುತ್ತಾರೆ. ಅವರಿಗೆಲ್ಲ ಸ್ಕ್ರೂಡ್ರೈವರ್ ತೋರಿಸಿ ಉತ್ತರ ಕೊಟ್ಟು ಕೊಟ್ಟು ನನ್ನ ನಾಲಿಗೆ ಹರಿತವಾಗಿದೆ. ಆದರೆ ಆ ಒಂದು ಮಧ್ಯಾಹ್ನ ಬುದ್ಧಿ ಹೇಳಿದವರ ಮಾತನ್ನು ನಾನು ಕೇಳಬೇಕಿತ್ತು.

ಭದ್ರಾವತಿಯ ಒಂದು ಸಣ್ಣ ಸ್ಕ್ಯಾನಿಂಗ್ ಸೆಂಟರಿನಿಂದ ಬೆಳಿಗ್ಗೆ ಫೋನ್ ಬಂತು. ಅಲ್ಲಿನ ಟೆಕ್ನಿಷಿಯನ್ ನನ್ನ ವಯಸ್ಸಿನವರೇ, ಹತ್ತು ವರ್ಷದ ಪರಿಚಯ. "ಮೇಡಂ, ಸರ್ವರ್ ಒಂದೇ ಸಮ ಕೂಗ್ತಿದೆ. ಬಂದವರೆಲ್ಲ ಯಾವುದಪ್ಪಾ ಈ ಆಂಬುಲೆನ್ಸು ಅಂತ ಕೇಳ್ತಾರೆ" ಎಂದರು. ಕೂಗಿನ ಅರ್ಥ ನನಗೆ ತಿಳಿದಿತ್ತು. ಹೊಸ ಹಾರ್ಡ್ ಡಿಸ್ಕನ್ನು ಟವೆಲಿನಲ್ಲಿ ಸುತ್ತಿ, ಸ್ಕೂಟರಿನ ಡಿಕ್ಕಿಯಲ್ಲಿಟ್ಟು ಆಲ್ಕೊಳದಿಂದ ಹೊರಟೆ.

ಆ ಸರ್ವರಿನಲ್ಲಿ ನಾಲ್ಕು ಡಿಸ್ಕುಗಳಿದ್ದವು. ಸೆಂಟರಿನಲ್ಲಿ ತೆಗೆದ ಪ್ರತಿಯೊಂದು ಸ್ಕ್ಯಾನ್ ಚಿತ್ರವೂ ಚೂರುಚೂರಾಗಿ ನಾಲ್ಕರಲ್ಲೂ ಹಂಚಿಕೊಂಡು ಕೂತಿರುತ್ತದೆ. ಈ ಏರ್ಪಾಟಿಗೆ ರೇಡ್ ಎನ್ನುತ್ತಾರೆ. ಒಂದು ಡಿಸ್ಕ್ ಸತ್ತರೆ ಉಳಿದ ಮೂರು ಸೇರಿ ಅದರ ಪಾಲಿನದನ್ನೂ ಒದಗಿಸುತ್ತವೆ. ಕೆಲಸ ನಿಲ್ಲುವುದಿಲ್ಲ, ಯಂತ್ರ ಬರೀ ಕೂಗಿಕೊಳ್ಳುತ್ತದೆ. ಸತ್ತದ್ದನ್ನು ಎಳೆದು ಹೊಸದನ್ನು ತಳ್ಳಿದರೆ ನಾಳೆಯ ಹೊತ್ತಿಗೆ ಎಲ್ಲ ಮೊದಲಿನಂತೆ. ಆದರೆ ಎರಡು ಹೋದವೋ, ನಾಲ್ಕೂ ಹೋದ ಹಾಗೆ. ಇನ್ನೊಂದು ಪ್ರತಿಯನ್ನು ಬೇರೆ ಕಡೆ ಇಟ್ಟುಕೊಳ್ಳಿ ಎಂದು ನಾನು ವರ್ಷ ವರ್ಷವೂ ಹೇಳುತ್ತಿದ್ದೆ. ಮಾಲೀಕರು ವರ್ಷ ವರ್ಷವೂ "ಮುಂದಿನ ತಿಂಗಳು ಮಾಡೋಣ" ಎನ್ನುತ್ತಿದ್ದರು.

ಹೋಗಿ ನೋಡಿದರೆ ಸರ್ವರ್ ಮೊದಲಿನ ಜಾಗದಲ್ಲಿರಲಿಲ್ಲ.

"ವಾಸ್ತು ನೋಡೋರು ಬಂದಿದ್ರು ಮೇಡಂ" ಎಂದರು ಟೆಕ್ನಿಷಿಯನ್, ಮುಖ ಸಣ್ಣದು ಮಾಡಿಕೊಂಡು. "ಕರೆಂಟಿನ ವಸ್ತು ಆಗ್ನೇಯದಲ್ಲಿರ್ಬೇಕಂತೆ."

ಆಗ್ನೇಯ ಮೂಲೆಯಲ್ಲಿ ಚಹಾ ಕಾಯಿಸುವ ಕಲ್ಲಿನ ಕಟ್ಟೆ ಇತ್ತು. ಸರ್ವರನ್ನು ಅದರ ಕೆಳಗೆ ತಳ್ಳಿದ್ದರು. ನಿಲ್ಲಿಸಿದರೆ ಹಿಡಿಸುವುದಿಲ್ಲವೆಂದು ಅಡ್ಡಡ್ಡ ಮಲಗಿಸಿ, ಡಿಸ್ಕುಗಳ ಸ್ಥಾನ ಬರೆದಿದ್ದ ಮುಂದಿನ ಮುಚ್ಚಳವನ್ನೂ ಕಿತ್ತೆಸೆದಿದ್ದರು. ಸತ್ತ ಡಿಸ್ಕ್ ಯಾವುದೆಂದು ತೋರಿಸುವ ಪುಟ್ಟ ದೀಪಗಳ ವೈರನ್ನು ಇಲಿ ಕಡಿದಿತ್ತು, ಒಂದೂ ಉರಿಯುತ್ತಿರಲಿಲ್ಲ. ನನಗೆ ರೇಗಿಹೋಯಿತು. ವಾಸ್ತುವಿನವರನ್ನೂ ಮಾಲೀಕರನ್ನೂ ಇಲಿಯನ್ನೂ ಒಟ್ಟಿಗೆ ಸೇರಿಸಿ ಬೈದೆ.

ಹೊರಗಿನ ಬೆಂಚಿನಲ್ಲಿ ಒಬ್ಬ ಹಿರಿಯರು ಕೂತಿದ್ದರು. ಉಕ್ಕಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕ್ರೇನ್ ಓಡಿಸಿ ನಿವೃತ್ತರಾದವರು. ನನ್ನ ಬೈಗುಳ ಕೇಳಿ ನಕ್ಕು, "ಬೈರಿ ತಾಯಿ, ಯಂತ್ರಕ್ಕೂ ಸ್ವಲ್ಪ ಭಯ ಇರ್ಬೇಕು" ಎಂದರು. ಕೊರೊನಾ ಕಾಲದಲ್ಲಿ ಇದೇ ಸೆಂಟರಿನಲ್ಲಿ ಅವರ ಎದೆಯ ಸ್ಕ್ಯಾನ್ ಆಗಿತ್ತು. ಈಗ ಕೆಮ್ಮೆಂದು ಶಿವಮೊಗ್ಗಕ್ಕೆ ಹೋದರೆ ಹೊಸ ಸ್ಕ್ಯಾನಿನಲ್ಲಿ ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ಒಂದು ಕಲೆ ಕಂಡಿತ್ತು.

"ಡಾಕ್ಟ್ರು ಹಳೇದು ತನ್ನಿ ಅಂದ್ರು. ಅವತ್ತೂ ಇಷ್ಟೇ ಇದ್ರೆ ಹಳೇ ಗಾಯದ ಗುರುತು, ಬಿಟ್ಟುಬಿಡೋಣ. ಅವತ್ತು ಇಲ್ದೇ ಇದ್ರೆ ಕುಯ್ಯಲೇಬೇಕು, ಅದೂ ನಾಳೇನೇ ಅಂದ್ರು."

"ಹಳೇ ಫಿಲ್ಮ್ ಇಟ್ಕೊಂಡಿಲ್ವಾ ಯಜಮಾನ್ರೇ?"

"ದೀಪಾವಳಿಲಿ ಗ್ರಹಣ ಬಂತಲ್ಲ, ಸೂರ್ಯನ್ನ ನೋಡೋಕೆ ಮಕ್ಕಳು ಕೇಳಿದ್ವು. ನಾನೇ ಕತ್ತರಿಸಿ ಕೊಟ್ಟೆ. ಬೀದಿಗೆಲ್ಲ ನನ್ನ ಎದೆ ಹಂಚಿದೆ."

ಅಂದಿನ ವರದಿಯ ಕಾಗದ ಅವರ ಕೈಯಲ್ಲಿತ್ತು. ಆ ಗಡಿಬಿಡಿಯ ದಿನಗಳಲ್ಲಿ ಬರೆದ ಎರಡೇ ಸಾಲು. ಕೊರೊನಾ ಎಷ್ಟಿದೆ ಎಂಬುದು ಬಿಟ್ಟರೆ ಇನ್ನಾವ ಮಾತೂ ಇರಲಿಲ್ಲ. ಚಿತ್ರವನ್ನೇ ನೋಡಬೇಕಿತ್ತು. ಶಸ್ತ್ರಚಿಕಿತ್ಸೆಯ ವೈದ್ಯರು ಹೊರಗಿನಿಂದ ಬಂದವರು. ಮರುದಿನದ ಆಪರೇಷನ್ ಪಟ್ಟಿಯನ್ನು ನಾಲ್ಕೂವರೆಗೆ ಮುಗಿಸಿ ಕೊಡುತ್ತಾರೆ, ಆ ಆಪರೇಷನ್ನುಗಳು ಮುಗಿದರೆ ಸೋಗಾನೆಯಿಂದ ವಿಮಾನ ಹತ್ತಿ ಹೋದವರು ಮತ್ತೆ ಬರುವುದು ಹದಿನೈದು ದಿನಕ್ಕೆ. ಆಗ ಒಂದು ಗಂಟೆ ದಾಟಿತ್ತು.

ಟೆಕ್ನಿಷಿಯನ್ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು. "ಮೇಡಂ, ಮೊದ್ಲು ಇವರದ್ದು ಸಿ.ಡಿ. ಹಾಕಿ ಕೊಟ್ಟುಬಿಡ್ತೀನಿ. ಹತ್ತು ನಿಮಿಷ. ಆಮೇಲೆ ನೀವು ಡಿಸ್ಕ್ ಮುಟ್ಟಿ."

ಅದು ಸರಿಯಾದ ಮಾತು. ಯಾವ ಪುಸ್ತಕ ತೆಗೆದರೂ ಅದೇ ಇರುತ್ತದೆ. ಆದರೆ ಕಟ್ಟೆಯ ಕೆಳಗೆ ಮಂಡಿಯೂರಿ ಆಗಲೇ ನನ್ನ ಸೊಂಟ ಹಿಡಿದಿತ್ತು, ತಲೆ ಕಾದಿತ್ತು. "ಅರ್ಧ ಸತ್ತ ಯಂತ್ರದಲ್ಲಿ ಸಿ.ಡಿ. ಹಾಕ್ತಾ ಕೂತ್ರೆ ಸಂಜೆಯಾಗುತ್ತೆ ಮಾರಾಯ್ರೇ. ನನಗೆ ಕೆಲಸ ಹೇಳಿಕೊಡ್ಬೇಡಿ. ಐದು ನಿಮಿಷ ಸುಮ್ನಿರಿ" ಎಂದೆ. ಅವರು ಹೋಗಿ ತಮ್ಮ ಪರದೆಯ ಮುಂದೆ ಕೂತರು.

ಪರದೆಯಲ್ಲಿ ಸತ್ತ ಡಿಸ್ಕಿನ ಸ್ಥಾನ ತೋರಿಸುತ್ತಿತ್ತು: ಮೇಲಿನಿಂದ ಮೂರನೆಯದು. ಅದರ ಸೀರಿಯಲ್ ನಂಬರನ್ನು ಚೀಟಿಯಲ್ಲಿ ಬರೆದುಕೊಂಡೆ. ನಂಬರಿನ ಚೀಟಿ ಡಿಸ್ಕಿನ ಮೈಮೇಲೆ ಅಂಟಿರುತ್ತದೆ, ಹೊರಗೆಳೆಯದೆ ಕಾಣುವುದಿಲ್ಲ. ಸರ್ವರನ್ನು ಆರಿಸಿ ಒಂದೊಂದನ್ನೇ ತೆಗೆದು ಓದುವುದು ಕ್ರಮ. ನಾನು ಕ್ರಮ ಬಿಟ್ಟೆ. ಮಲಗಿದ ಪೆಟ್ಟಿಗೆಯ ಮುಂದೆ ಕೂತು ಎಡದಿಂದ ಎಣಿಸಿದೆ. ಒಂದು, ಎರಡು, ಮೂರು. ಹಿಡಿ ಒತ್ತಿ ಎಳೆದೆ.

ಬಿಟ್ಟು ಬಿಟ್ಟು ಕೂಗುತ್ತಿದ್ದ ಯಂತ್ರ ಈಗ ಉದ್ದಕ್ಕೆ ಎಳೆದು ಕೂಗತೊಡಗಿತು.

ನಿಂತ ಪೆಟ್ಟಿಗೆಯನ್ನು ಎಡಕ್ಕೆ ಮಲಗಿಸಿದರೆ ಮೇಲಿನ ಡಿಸ್ಕ್ ಎಡಕ್ಕೆ ಬರುತ್ತದೆ. ಬಲಕ್ಕೆ ಮಲಗಿಸಿದರೆ ಬಲಕ್ಕೆ. ಅವರು ಬಲಕ್ಕೆ ಮಲಗಿಸಿದ್ದರು. ಟೆಕ್ನಿಷಿಯನ್ನರನ್ನು ಕೇಳಿದ್ದರೆ ಹೇಳುತ್ತಿದ್ದರು, ನಾನು ಕೇಳಲಿಲ್ಲ. ಕೈಯಲ್ಲಿದ್ದ ಡಿಸ್ಕಿನ ನಂಬರನ್ನು ಚೀಟಿಯ ನಂಬರಿನೊಂದಿಗೆ ಮೂರು ಸಲ ಹೋಲಿಸಿದೆ, ಮೂರು ಸಲವೂ ಬೇರೆಯೇ. ಸತ್ತದ್ದು ಒಳಗೇ ಇತ್ತು. ನಾನು ಜೀವಂತವಾಗಿದ್ದುದನ್ನು ಕಿತ್ತಿದ್ದೆ. ಡಿಸ್ಕ್ ಇನ್ನೂ ಬಿಸಿಯಾಗಿತ್ತು, ಒಳಗೆ ತಿರುಗುತ್ತಿದ್ದುದು ಅಂಗೈಗೆ ಗೊತ್ತಾಗುತ್ತಿತ್ತು.

ಟೆಕ್ನಿಷಿಯನ್ನರ ಪರದೆಯಲ್ಲಿ ರೋಗಿಗಳ ಪಟ್ಟಿ ಒಮ್ಮೆ ಮಿಣುಕಿ ಖಾಲಿಯಾಯಿತು. "ಅಯ್ಯೋ ಕಡವುಳೇ" ಎಂದರು. ಅವರ ಮನೆಮಾತು ತಮಿಳು, ಗಾಬರಿಯಾದಾಗ ಅದೇ ಹೊರಡುತ್ತದೆ.

"ಯಾರೂ ಏನೂ ಮುಟ್ಬೇಡಿ. ಸ್ಕ್ಯಾನ್ ನಿಲ್ಸಿ" ಎಂದೆ.

ಬೆಂಚಿನಿಂದ ಹಿರಿಯರು ಎದ್ದು ಬಾಗಿಲಿಗೆ ಬಂದರು. "ಆಯ್ತಾ ತಾಯಿ?"

"ಸರ್ವರ್ ಸ್ವಲ್ಪ ನಿಧಾನ ಯಜಮಾನ್ರೇ. ಕೂತಿರಿ" ಎಂದೆ. ಎಷ್ಟು ಸಲೀಸಾಗಿ ಆ ಸುಳ್ಳು ಬಂತು ಎಂದು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಅವರು ಕೂರಲಿಲ್ಲ. ಬಾಗಿಲಿಗೆ ಒರಗಿ ನನ್ನ ಮುಖವನ್ನೇ ನೋಡಿದರು.

"ಕಾದ ಉಕ್ಕು ಎತ್ತಿರೋವಾಗ ತಪ್ಪು ಲಿವರ್ ಎಳೆದೋರ ಮುಖ ನಾನು ನೋಡಿದೀನಿ" ಎಂದರು ಮೆಲ್ಲಗೆ. "ಅಂಥಾ ಹೊತ್ತಲ್ಲಿ ಗಡಿಬಿಡಿ ಮಾಡ್ಬಾರ್ದು ತಾಯಿ. ನಾನೂ ಒಂದ್ಸಲ ಎಳೆದಿದ್ದೆ. ಕೈ ಬಿಟ್ಟು ಒಂದು ನಿಮಿಷ ಸುಮ್ನೆ ನಿಂತ್ಕೊಂಡೆ. ಯಾರಿಗೂ ಏನೂ ಆಗ್ಲಿಲ್ಲ."

ಬುದ್ಧಿಮಾತು ಕೇಳಿ ಅವತ್ತು ಮೈ ಉರಿಯಲಿಲ್ಲ. ನಾನು ನಿಜವಾಗಿಯೂ ಕೈ ಬಿಟ್ಟು ಕೂತೆ. "ತಪ್ಪು ಡಿಸ್ಕ್ ತೆಗೆದೆ" ಎಂದು ಇಬ್ಬರಿಗೂ ಕೇಳುವಂತೆ ಹೇಳಿದೆ. ಹಿರಿಯರು ತಲೆಯಾಡಿಸಿ, ಹೋಗಿ ಬೆಂಚಿನಲ್ಲಿ ಕೂತರು.

ಸರ್ವರನ್ನು ಆರಿಸಿದೆ. ಇದ್ದ ಬಲವನ್ನೆಲ್ಲ ಹಾಕಿ ಟೆಕ್ನಿಷಿಯನ್ನರೂ ನಾನೂ ಅದನ್ನು ಕಟ್ಟೆಯ ಕೆಳಗಿನಿಂದ ಎಳೆದು ನೆಟ್ಟಗೆ ನಿಲ್ಲಿಸಿದೆವು. ಕಿತ್ತ ಡಿಸ್ಕನ್ನು ಅದರದೇ ಗೂಡಿಗೆ ತಳ್ಳಿ ಮತ್ತೆ ಚಾಲೂ ಮಾಡಿದೆ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಬಂದವು. ಈ ಡಿಸ್ಕ್ ಗುಂಪಿಗೆ ಹೊರಗಿನದಾಗಿದೆ, ಇದರಲ್ಲಿರುವುದನ್ನು ನಂಬಿ ಗುಂಪಿಗೆ ಸೇರಿಸಿಕೊಳ್ಳಲೇ, ಅಥವಾ ಅಳಿಸಿಹಾಕಲೇ ಎಂದು ಯಂತ್ರ ಕೇಳುತ್ತಿತ್ತು. ಎರಡು ಉತ್ತರಕ್ಕೂ ಒಂದೊಂದೇ ಅಕ್ಷರ, ಕೀಬೋರ್ಡಿನಲ್ಲಿ ಮೂರು ಬೆರಳು ದೂರ. ಅಳಿಸು ಎಂದರೆ ಆ ಊರಿನ ಅಷ್ಟು ವರ್ಷಗಳ ಎದೆ, ಹೊಟ್ಟೆ, ಬೆನ್ನುಮೂಳೆ ಎಲ್ಲವೂ ಹೋದ ಹಾಗೆ. ಸೇರಿಸು ಎಂದರೂ ಸೇರುತ್ತದೆಂಬ ಖಾತ್ರಿ ಇಲ್ಲ. ನಾನು ಎಳೆದ ಗಳಿಗೆಯಲ್ಲಿ ಏನಾದರೂ ಬರೆಯುತ್ತಿದ್ದರೆ ಚೂರುಗಳು ಒಂದಕ್ಕೊಂದು ಹೊಂದುವುದಿಲ್ಲ.

ಟೆಕ್ನಿಷಿಯನ್ನರನ್ನು ನನ್ನ ಪಕ್ಕಕ್ಕೆ ಕರೆದು, ನಾನು ಒತ್ತಬೇಕಾದ ಅಕ್ಷರ ಯಾವುದು ಎಂದು ಜೋರಾಗಿ ಓದಿ ಹೇಳಲು ಹೇಳಿದೆ. ಅವರು ಓದಿದರು. ಇನ್ನೊಮ್ಮೆ ಓದಿಸಿದೆ. ಒತ್ತಿದೆ.

ಆಮೇಲೆ ಕಾಯುವುದೊಂದೇ ಕೆಲಸ. ಯಂತ್ರ ತನ್ನ ಕಡತಗಳನ್ನೆಲ್ಲ ತಾನೇ ಪರೀಕ್ಷಿಸಿಕೊಳ್ಳುತ್ತ ಹೋಯಿತು. ನೂರಕ್ಕೆ ಹನ್ನೊಂದು, ಹನ್ನೆರಡು. ಎರಡೂ ಕಾಲಾಯಿತು. ನಲವತ್ತರ ಹತ್ತಿರ ಬಂದು ನಿಂತೇಬಿಟ್ಟಿತು. ನಾನು ಆ ಅಂಕಿಯನ್ನೇ ನೋಡಿದೆ. ಹೊರಗೆ ಹಿರಿಯರು ಕೆಮ್ಮಿದರು. ಆ ಕೆಮ್ಮು ನನಗೆ ಬೈಗುಳದಂತೆ ಕೇಳಿತು. ಅಂಕಿ ಮತ್ತೆ ಚಲಿಸಿದಾಗ ನನ್ನ ಕುಪ್ಪಸದ ಬೆನ್ನು ಪೂರ್ತಿ ಒದ್ದೆಯಾಗಿತ್ತು.

ಮೂರು ಗಂಟೆಗೆ ಸ್ವಲ್ಪ ಮೊದಲು ರೋಗಿಗಳ ಪಟ್ಟಿ ತೆರೆದುಕೊಂಡಿತು. ಟೆಕ್ನಿಷಿಯನ್ ಹಿರಿಯರ ಹೆಸರು ಹುಡುಕಿ ಒತ್ತಿದರು. ಎರಡು ಶ್ವಾಸಕೋಶಗಳು ಪರದೆಯ ಮೇಲೆ ಮೂಡಿದವು. ಅಷ್ಟು ಚೆಂದದ ಚಿತ್ರವನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ.

"ಸಿಕ್ತು ಯಜಮಾನ್ರೇ! ಸಿಕ್ತು!" ಎಂದು ಕೂಗಿದೆ. ಹಿರಿಯರು ಎದ್ದು ನಿಂತು ಎರಡೂ ಕೈ ಜೋಡಿಸಿದರು. ಅವರ ಕಣ್ಣಲ್ಲಿ ನೀರಿತ್ತು, ನನ್ನ ಕಣ್ಣಲ್ಲೂ ಇತ್ತು.

ಟೆಕ್ನಿಷಿಯನ್ ಮಾತ್ರ ಹಿರಿಯರು ತಂದಿದ್ದ ಹೊಸ ಫಿಲ್ಮನ್ನು ಪಕ್ಕದ ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ, ಹಳೆಯ ಚಿತ್ರಗಳನ್ನು ಒಂದೊಂದಾಗಿ ಸರಿಸುತ್ತಿದ್ದರು. ಬಲಗಡೆ, ಮೇಲ್ಭಾಗ. ಹಿಂದೆ ಹೋದರು, ಮುಂದೆ ಬಂದರು, ಮತ್ತೆ ಹಿಂದೆ ಹೋದರು. ಹೊಸ ಫಿಲ್ಮಿನಲ್ಲಿ ಕಡಲೆಕಾಳಿನಷ್ಟು ಬೆಳ್ಳಗೆ ಕಾಣುವ ಜಾಗ ಹಳೆಯದರಲ್ಲಿ ಬರೀ ಕಪ್ಪಾಗಿತ್ತು.

"ಇಲ್ಲ ಮೇಡಂ" ಎಂದರು, ನನಗಷ್ಟೇ ಕೇಳುವ ಹಾಗೆ.

"ಚಿತ್ರ ಬಿಟ್ಟುಹೋಗಿರ್ಬೇಕು. ನಾನು ಡಿಸ್ಕ್ ಎಳೆದೆನಲ್ಲ, ಒಂದೆರಡು ಹೋಗಿರ್ತವೆ. ಎಣಿಸಿ."

ಯಾವ ಸ್ಕ್ಯಾನಿಗೆ ಎಷ್ಟು ಚಿತ್ರ ಎಂದು ಅವರು ರಿಜಿಸ್ಟರಿನಲ್ಲಿ ಬರೆದಿಡುತ್ತಾರೆ. ಹಳೆಯ ರಿಜಿಸ್ಟರ್ ತೆಗೆದು ಪರದೆಯ ಲೆಕ್ಕದೊಂದಿಗೆ ತಾಳೆ ನೋಡಿದರು. ನಾನು ಅವರ ಬೆನ್ನ ಹಿಂದೆ ನಿಂತು, ಒಂದಾದರೂ ಕಡಿಮೆ ಇರಲಿ, ನನ್ನ ಕೈಯಿಂದಲೇ ಹಾಳಾಗಿರಲಿ, ಬೇಕಿದ್ದರೆ ನಾಳೆಯಿಂದ ಈ ಕೆಲಸವನ್ನೇ ಬಿಡುತ್ತೇನೆ ಎಂದು ಬೇಡಿಕೊಂಡೆ. ಎರಡು ಗಂಟೆಯ ಹಿಂದೆ ಇದಕ್ಕೆ ತದ್ವಿರುದ್ಧವಾದುದನ್ನು ಬೇಡಿಕೊಂಡವಳೂ ನಾನೇ. ಲೆಕ್ಕ ಸರಿಯಾಗಿತ್ತು.

ಸಿ.ಡಿ. ತಯಾರಾಯಿತು. ವರದಿ ಹೇಳುವುದು ವೈದ್ಯರ ಕೆಲಸ, ನಾವು ಬಾಯಿ ಬಿಡಬಾರದು ಎಂದು ಟೆಕ್ನಿಷಿಯನ್ ಕಣ್ಣಲ್ಲೇ ಹೇಳಿದರು. ಸರಿಯಾದ ಮಾತೇ. ಆದರೆ ಸಿ.ಡಿ. ತೆಗೆದುಕೊಳ್ಳುವಾಗ ಹಿರಿಯರು ನೇರವಾಗಿ ನನ್ನನ್ನೇ ಕೇಳಿದರು. "ಕಲೆ ಇದ್ಯಾ ತಾಯಿ, ಹಳೇದ್ರಲ್ಲಿ?"

ಒಂದೇ ಮಧ್ಯಾಹ್ನ ಅದೇ ಮನುಷ್ಯರಿಗೆ ಎರಡನೇ ಸುಳ್ಳು ಹೇಳಲು ನನ್ನಿಂದ ಆಗಲಿಲ್ಲ. "ನನಗೆ ಕಾಣ್ಲಿಲ್ಲ ಯಜಮಾನ್ರೇ. ಡಾಕ್ಟ್ರು ಸರಿಯಾಗಿ ನೋಡ್ತಾರೆ" ಎಂದೆ.

ಅವರು ಸಿ.ಡಿ.ಯನ್ನು ಅಂಗಿಯ ಒಳಗೆ, ಬನಿಯನ್ನಿನ ಪಕ್ಕ ಇಟ್ಟುಕೊಂಡು ಗುಂಡಿ ಹಾಕಿದರು. ಗುಂಡಿ ಹಾಕುವುದಕ್ಕೆ ಬಹಳ ಹೊತ್ತು ಹಿಡಿಯಿತು. ನಾಲ್ಕೂವರೆಯೊಳಗೆ ತಲುಪಬೇಕಿತ್ತು. ಸ್ಕೂಟರಿನಲ್ಲಿ ನಾನೇ ಬಿಡುತ್ತೇನೆ ಎಂದು ಬೀಗದ ಕೈ ತೆಗೆದೆ. ಮೆಟ್ಟಿಲ ಮೇಲೆ ಅವರು ನಿಂತರು.

"ನೀವು ತಪ್ಪು ಡಿಸ್ಕ್ ತೆಗೆದ್ರಲ್ಲ," ಎಂದರು, ಸಂಕೋಚದಿಂದ, ನನ್ನ ಮನಸ್ಸಿಗೆ ನೋವಾದೀತೆಂಬಂತೆ. "ಅದ್ರಿಂದ ಏನಾದ್ರೂ ಒಂಚೂರು ಅಳಿಸಿ ಹೋಗಿರ್ಬಹುದಾ?"

"ಇಲ್ಲ" ಎಂದೆ. "ಎಣಿಸಿ ನೋಡಿದ್ವಿ. ಎಲ್ಲಾ ಇದೆ."