ಧೂಪದ ಹೊಗೆಯಲ್ಲಿ ಸಿಕ್ಕಿಬಿದ್ದ ಕಾರಿನ ರೋಗ

ಉಕ್ಕಡಗಾತ್ರಿ ಅಜ್ಜಯ್ಯನ ಭಕ್ತಬಂಧುಗಳೇ, ಕಾರಿನ ಕಥೆ ಬರೆಯುತ್ತಿದ್ದೇನೆಂದು ನಗಬೇಡಿ. ಕಳೆದ ಮಳೆಗಾಲದಲ್ಲಿ ಆ ಕಾರು ನನ್ನ ಜೀವ ಹಿಂಡಿಬಿಟ್ಟಿತು.

ನಮ್ಮದು ಹರಿಹರ. ನಮ್ಮತ್ತೆಗೆ ಕಿಡ್ನಿ ಕೈಕೊಟ್ಟಿದೆ. ವಾರಕ್ಕೆರಡು ಸಲ ದಾವಣಗೆರೆಯ ಆಸ್ಪತ್ರೆಗೆ ಡಯಾಲಿಸಿಸ್‌ಗೆ ಕರೆದೊಯ್ಯಬೇಕು. ಬಸ್ ಹತ್ತಿದರೆ ಅವರಿಗೆ ವಾಂತಿ. ಹಾಗಾಗಿ ಹಳೆಯ ಪೆಟ್ರೋಲ್ ಕಾರನ್ನು ನಾನೇ ಓಡಿಸುತ್ತೇನೆ. ಓಡುವಾಗ ಏನೂ ತೊಂದರೆಯಿರಲಿಲ್ಲ. ಸಿಗ್ನಲ್‌ನಲ್ಲಿ ನಿಂತರೆ ಸಾಕು, ಚಳಿಜ್ವರ ಬಂದವರ ಹಾಗೆ ಗಡಗಡ ನಡುಗಿ, ಎಷ್ಟೋ ಸಲ ಬಂದ್ ಆಗಿಬಿಡುತ್ತಿತ್ತು.

ಒಬ್ಬ ಮೆಕ್ಯಾನಿಕ್ ಪ್ಲಗ್ ಬದಲಿಸಿದ. ಇನ್ನೊಬ್ಬ ಇಂಜೆಕ್ಟರ್ ಬಿಚ್ಚಿ ತೊಳೆದ. ಮತ್ತೊಬ್ಬ ಲ್ಯಾಪ್‌ಟಾಪ್ ಜೋಡಿಸಿ ನೋಡಿ, "ಇದ್ರಾಗ ಏನೂ ತೋರ್ಸವಲ್ದು ಮೇಡಂ. ಹಳೇ ಗಾಡಿ, ಮಾರಿಬಿಡ್ರಿ" ಎಂದ. ಮಾರಿ, ಅತ್ತೆಯನ್ನು ಹೆಗಲ ಮೇಲೆ ಹೊತ್ತುಕೊಂಡು ಹೋಗಲೇ?

ಒಂದು ಸಂಜೆ ಆಸ್ಪತ್ರೆಯಿಂದ ಮರಳುವಾಗ ಸಿಗ್ನಲ್‌ನಲ್ಲಿ ಬಂದ್ ಆದ ಕಾರು ಬೇಗ ಚಾಲೂ ಆಗದೆ ನಡುರಸ್ತೆಯಲ್ಲೇ ನಿಂತಿತು. ಸುಸ್ತಾಗಿ ಹಿಂದೆ ಒರಗಿದ್ದ ಅತ್ತೆ ಕಣ್ಣು ತೆರೆಯದೆಯೇ ಹೇಳಿದರು: "ಸಾಕವ್ವ. ಇನ್ನ ನಾನು ಆಸ್ಪತ್ರಿಗೆ ಬರಲ್ಲ. ಮನ್ಯಾಗ ಹೆಂಗಾಗ್ತೈತೋ ಹಂಗಾಗ್ಲಿ." ಡಯಾಲಿಸಿಸ್ ಬಿಟ್ಟರೆ ಏನಾಗುತ್ತದೆಂದು ಇಬ್ಬರಿಗೂ ಗೊತ್ತಿತ್ತು. ನನಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂದವು. ಗೋಗರೆದ ಮೇಲೆ ಅವರದೊಂದು ಹಟ: "ಗಾಡಿಗೆ ದೃಷ್ಟಿ ಆಗೈತೆ. ಅಜ್ಜಯ್ಯನತ್ರ ಪೂಜೆ ಮಾಡ್ಸು, ಆಮ್ಯಾಲೆ ನೋಡಾಣ."

ಗ್ಯಾರೇಜು ಅಲೆದಿದ್ದು ಸಾಲದು, ಇದೊಂದು ಬಾಕಿ ಎಂದು ಗೊಣಗುತ್ತಲೇ ಉಕ್ಕಡಗಾತ್ರಿಗೆ, ಅಜ್ಜಯ್ಯನ ಗದ್ದುಗೆಗೆ ಹೋದೆ. ಪೂಜೆ ಮಾಡುವ ಅಯ್ಯನವರು ಬಾನೆಟ್ ಎತ್ತಿಸಿ, "ಇಂಜಿನ್ ಬಂದ್ ಮಾಡವ್ವ" ಎಂದರು.

"ಬಂದ್ ಮಾಡಿದ್ರೆ ಮತ್ತ ಚಾಲೂ ಆಗಲ್ಲ ಸ್ವಾಮಿ, ಹಂಗೇ ಮಾಡ್ರಿ!" ಎಂದು ರೇಗಿಬಿಟ್ಟೆ. ಪಾಪ, ಅವರು ನಡುಗುವ ಇಂಜಿನ್‌ಗೇ ಧೂಪ ಹಿಡಿದರು.

ಹೊಗೆ ಮೇಲಕ್ಕೆ ಹೋಗಬೇಕಲ್ಲವೇ? ಒಂದು ಎಳೆ ಮಾತ್ರ ಪಕ್ಕಕ್ಕೆ ಬಾಗಿ, ಸಣ್ಣ ರಬ್ಬರ್ ಪೈಪೊಂದರ ಅಡಿಗೆ ನುಗ್ಗಿ ಮಾಯವಾಯಿತು.

"ಅಲ್ನೋಡವ್ವ, ಹೊಗಿ ಒಳಗ ಎಳಕಂತೈತೆ" ಎಂದರು ಅಯ್ಯನವರು.

ಕರ್ಚೀಫು ಮಡಿಸಿ ಆ ಜಾಗ ಅದುಮಿದೆ. ನಡುಕ ನಿಂತಿತು. ಕೈ ತೆಗೆದೆ, ಮತ್ತೆ ನಡುಕ. ಪೈಪು ಅಡಿಯಲ್ಲಿ ಸೀಳಿತ್ತು. ಅಲ್ಲಿಂದ ಬೇಡದ ಗಾಳಿ ಇಂಜಿನ್ ಒಳಗೆ ಹೋಗುತ್ತಿತ್ತು. ಇಷ್ಟಕ್ಕಾ ಇಷ್ಟು ಗೋಳು!

ಗಾಡಿ ಮಾರಿಬಿಡಿ ಎಂದಿದ್ದ ಮೆಕ್ಯಾನಿಕ್ಕೇ ಹೊಸ ಪೈಪು ಹಾಕುತ್ತಾ, "ಸೀಳಿದ್ರೆ ಹೊಗಿ ಎಳದಾ ಎಳಿತೈತೆ ಬಿಡ್ರಿ" ಎಂದ. ಇರಬಹುದು. ಅಷ್ಟು ದಿನ ಅವನಿಗೆ ಯಾಕೆ ಹೊಳೆಯಲಿಲ್ಲ? ತೋರಿಸಿದವನು ಅಜ್ಜಯ್ಯನೇ. ಗೊಣಗುತ್ತಾ ಹೋದವಳಿಗೂ ತೋರಿಸಿದ.

ಮರುದಿನ ಅತ್ತೆ ಮಾತು ಉಳಿಸಿಕೊಂಡು ಕಾರು ಹತ್ತಿದರು. ದಾವಣಗೆರೆಯ ಮೊದಲ ಸಿಗ್ನಲ್‌ನಲ್ಲಿ ಕಾರು ಎಷ್ಟು ಸದ್ದಿಲ್ಲದೆ ನಿಂತಿತೆಂದರೆ, ಅವರು ಗಾಬರಿಯಿಂದ ನನ್ನ ಭುಜ ಹಿಡಿದರು.

"ಯಾಕವ್ವ, ಮತ್ತ ಬಂದ್ ಆತಾ?"

"ಇಲ್ಲತ್ತೆ, ನಡೀತೈತೆ. ಕೇಳ್ರಿ."

ಕಿವಿಗೊಟ್ಟು ಕೇಳಿದರು. ಆಮೇಲೆ ಅಲ್ಲೇ ಕೈಮುಗಿದರು, ನಾನೂ ಮುಗಿದೆ. ಅಜ್ಜಯ್ಯಾ, ನಿನ್ನ ಪಾದಕ್ಕೆ ಶರಣು. ಅತ್ತೆ ಈ ವಾರವೂ ಆಸ್ಪತ್ರೆಗೆ ಹೋಗಿ ಬಂದರು.